ದೋಣಿ ಹಲಗೆಯ ಗೇಟು ಮತ್ತು ಪೆಟ್ಟಿಗೆಯೊಳಗಿನ ಚೆಂಡು

ಇದನ್ನು ನೀವು ನಂಬುವುದಿಲ್ಲ. ಬೇಸರವೇನಿಲ್ಲ, ಆ ದಿನ ಮಂಗಳೂರಿನ ಜೆಪ್ಪುವಿನಲ್ಲಿ ನಮ್ಮ ಹಿತ್ತಿಲ ಬೇಲಿಯ ಹೊರಗೆ ನಿಂತು ಕಣ್ಣಾರೆ ಕಂಡವನೇ ಇನ್ನೂ ನಂಬಿಲ್ಲ.

ನಮ್ಮ ಹಿತ್ತಿಲ ಗೇಟನ್ನು ಅಪ್ಪ ತಮ್ಮ ಹಳೆಯ ದೋಣಿಯ ಹಲಗೆಗಳಿಂದ ಮಾಡಿದ್ದರು. ಆ ಹಲಗೆಗಳು ಕಡಲಲ್ಲಿ ಎಷ್ಟು ಚುರುಕಾಗಿದ್ದವೋ ಗೊತ್ತಿಲ್ಲ, ನೆಲಕ್ಕೆ ಬಂದ ಮೇಲೆ ಅಲುಗಾಡುವುದನ್ನೇ ಬಿಟ್ಟಿದ್ದವು. ಬಿಜಾಗರಿಯ ಕಡೆ ಗೇಟು ಹೇಗೋ ನಿಂತಿತ್ತು. ಚಿಲಕದ ಕಡೆ, ಮದುವೆ ಊಟ ಮಾಡಿ ಕೂತವರ ತಲೆಯಂತೆ ಜೋತುಬಿದ್ದಿತ್ತು. ತೆರೆಯಲು ಹೋದರೆ ಕೆಳಗಿನ ಮೂಲೆ ಮಣ್ಣು ಉಳುತ್ತಿತ್ತು. ಎರಡು ಸಲ ತೆರೆದು ಮುಚ್ಚಿದರೆ ಅಲ್ಲಿ ಭತ್ತ ಬಿತ್ತಬಹುದಿತ್ತು. ಪೂರ್ತಿ ಮುಚ್ಚುತ್ತಲೂ ಇರಲಿಲ್ಲ. ಅದನ್ನು ಸರಿಮಾಡುವ ಕೆಲಸವನ್ನು ಮಳೆಗಾಲ ಮುಗಿದ ಕೂಡಲೇ ನನಗೆ ಒಪ್ಪಿಸಿದ್ದರು. ನಾನೂ ದಿನಾ ಅದನ್ನು ಗಂಭೀರವಾಗಿ ನೋಡಿ ಬರುತ್ತಿದ್ದೆ.

ಆ ಬೆಳಿಗ್ಗೆ ಪಕ್ಕದ ಮನೆಯ ದನ ಸಂದಿಯಲ್ಲಿ ನುಗ್ಗಿ ಅಮ್ಮನ ಬಸಳೆ ಚಪ್ಪರವನ್ನು ಮೇಯ್ದು ಹೋಯಿತು. ಉಳಿದದ್ದು ಬರೀ ಕೋಲುಗಳು. ಅಮ್ಮ ದನಕ್ಕೆ ಒಂದು ಮಾತೂ ಹೇಳಲಿಲ್ಲ. ನನ್ನ ಫುಟ್ಬಾಲನ್ನು ಎತ್ತಿ ಮರದ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು.

"ಗೇಟು ಕಿರುಬೆರಳಲ್ಲಿ ದೂಡಿದ್ರೆ ತೆರೀಬೇಕು. ಅದಾದ ಮತ್ತೆ ಚೆಂಡು."

ಸಂಜೆ ಅತ್ತಾವರದ ಹುಡುಗರೊಡನೆ ಪಂದ್ಯವಿತ್ತು. ಎರಡೂ ತಂಡಗಳಿಗೆ ಸೇರಿ ಇದ್ದದ್ದು ಅದೊಂದೇ ಚೆಂಡು. ಹಂಚಿನ ಕಾರ್ಖಾನೆಯ ಸಂಜೆಯ ಸೈರನ್ ಕೂಗುವುದರೊಳಗೆ ನಾನು ಚೆಂಡು ತರದಿದ್ದರೆ ನಮ್ಮ ತಂಡ ಸೋತ ಹಾಗೆ. ಇದೆಂಥ ನ್ಯಾಯ ಎಂದು ಕೇಳಬೇಡಿ, ಜಂಬದಲ್ಲಿ ಆ ಷರತ್ತು ಹಾಕಿದ್ದು ನಾನೇ. ನಾಯಕನೂ ನಾನೇ. ನನ್ನ ಆಟ ನೋಡಿ ನಾಯಕ ಮಾಡಿದರು ಎಂದು ನಾನು ಹೇಳುತ್ತಿದ್ದೆ. ಚೆಂಡು ನೋಡಿ ಎಂದು ಉಳಿದವರು ಹೇಳುತ್ತಿದ್ದರು.

ಮಧ್ಯಾಹ್ನದ ಗಂಜಿ ಅರ್ಧಕ್ಕೇ ಬಿಟ್ಟು ಕೆಲಸಕ್ಕಿಳಿದೆ. ಮೊದಲು ಗೇಟಿನಡಿಯ ಮಣ್ಣು ಕೆರೆದೆ. ಆ ಗುಂಡಿಯಲ್ಲಿ ಅಮ್ಮನ ಕೋಳಿಗಳು ಒಂದೊಂದಾಗಿ ರಸ್ತೆಗೆ ಹೋದವು. ಅವುಗಳನ್ನು ಹಿಡಿದು ತಂದು, ಗುಂಡಿ ಮುಚ್ಚುವಾಗ ಬಿಸಿಲು ಇಳಿಯತೊಡಗಿತ್ತು. ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸುತ್ತಿಗೆ ಹಿಡಿದರೆ ಮೊಳೆ ಬೇಕು ಅನಿಸುತ್ತಿತ್ತು, ಮೊಳೆ ಹುಡುಕಲು ಹೋದರೆ ಸುತ್ತಿಗೆ ಎಲ್ಲಿಟ್ಟೆ ಎಂದು ಮರೆಯುತ್ತಿತ್ತು. ಅಷ್ಟರಲ್ಲಿ ನಮ್ಮ ತಂಡದ ಗೋಲು ಕಾಯುವ ಗೋಲಿ ಬೇಲಿಯ ಹೊರಗೆ ಬಂದು ನಿಂತ.

"ಎಂತ ಮಾರಾಯ, ಗೇಟು ಮಾಡುದಾ, ಹಡಗು ಮಾಡುದಾ?"

ಆ ಮಾತಿನಿಂದಲೇ ನನಗೆ ಉಪಾಯ ಹೊಳೆಯಿತು. ದೋಣಿಯ ಹಲಗೆಗೆ ದೋಣಿಯ ಮದ್ದೇ ಆಗಬೇಕು. ಕೊಟ್ಟಿಗೆಯಿಂದ ತೆಂಗಿನ ನಾರಿನ ಹಗ್ಗ ತಂದು, ಬಿಜಾಗರಿಯ ಮೇಲಿನ ಮೂಲೆಯಿಂದ ಚಿಲಕದ ಕಡೆಯ ಕೆಳಮೂಲೆಗೆ ಓರೆಯಾಗಿ ಎರಡೆಳೆ ಬಿಗಿದೆ. ನಡುವೆ ಕೋಲು ತೂರಿಸಿ ತಿರುಚುತ್ತ ಹೋದೆ. ಹಗ್ಗ ಗಿಡ್ಡವಾಯಿತು, ಜೋತಿದ್ದ ಮೂಲೆ ನೆಲ ಬಿಟ್ಟು ಎದ್ದಿತು. ಕೋಲನ್ನು ಹಲಗೆಗೆ ಕಟ್ಟಿ, ಕಿರುಬೆರಳಲ್ಲಿ ದೂಡಿದೆ. ಗೇಟು ಅರಮನೆಯ ಬಾಗಿಲಿನಂತೆ ಸದ್ದಿಲ್ಲದೆ ತೆರೆಯಿತು. ಗೋಲಿ ಬಾಯಿ ಮುಚ್ಚಿದ. ಅದು ಗೇಟಿಗಿಂತ ದೊಡ್ಡ ರಿಪೇರಿ.

ಅಮ್ಮನನ್ನು ಕರೆದೆ. ಒಲೆಯ ಮೇಲೆ ಬೂತಾಯಿ ಮೀನು ಉಂಟು, ಇಳಿಸಿ ಬರ್ತೇನೆ ಅಂದಳು.

ಸುಮ್ಮನೆ ಕಾದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ನಾರಿನ ಹಗ್ಗ ನೀರು ಕುಡಿದರೆ ಇನ್ನೂ ಬಿಗಿಯಾಗುತ್ತದೆ ಎಂಬುದು ಕಡಲಿಗಿಳಿಯುವ ನಮ್ಮ ಜಾತಿಯವರಿಗೆ ತೊಟ್ಟಿಲಲ್ಲೇ ಗೊತ್ತು. ಗೋಲಿಯ ಅಪ್ಪ ಹಂಚಿನ ಕಾರ್ಖಾನೆಯಲ್ಲಿ. ಅವನಿಗೆ ಇದೆಲ್ಲ ಹೇಗೆ ತಿಳಿಯಬೇಕು? "ನೋಡು, ಇನ್ನು ಇದು ನೂರು ವರ್ಷಕ್ಕೆ ಜೋಲುದಿಲ್ಲ" ಎಂದು ಗೇಟು ಮುಚ್ಚಿ, ಬಾವಿಯಿಂದ ಒಂದು ಕೊಡಪಾನ ನೀರು ಸೇದಿ ಹಗ್ಗದ ಮೇಲೆ ಸುರಿದೆ. ಸಾಲದೆಂದು ಇನ್ನೊಂದು.

ಅಮ್ಮ ಸೊಂಟದಲ್ಲಿ ಕೀಲಿಕೈ ಸಿಕ್ಕಿಸಿಕೊಂಡು ಬರುವಷ್ಟರಲ್ಲಿ ಹಗ್ಗ ನೀರು ಕುಡಿದು ಬಿಗಿದಿತ್ತು. ಕಿರುಬೆರಳಲ್ಲಿ ದೂಡಿದಳು. ಕೈಯಲ್ಲಿ ದೂಡಿದಳು. ಗೇಟಿನ ಮೂಲೆ ಮೇಲೆದ್ದು ಚಿಲಕದ ಕಂಬಕ್ಕೆ ಕಚ್ಚಿಕೊಂಡಿತ್ತು. ನಾನು ಒಳಗಿನಿಂದ ಎಳೆದೆ, ಗೋಲಿ ಹೊರಗಿನಿಂದ ಒದ್ದ. ಗಂಟು ಬಿಚ್ಚಲು ಹೋದರೆ ಒದ್ದೆ ನಾರು ಕಲ್ಲಾಗಿತ್ತು. ಅಮ್ಮ ಕೀಲಿಕೈಯನ್ನು ಸೊಂಟದಿಂದ ತೆಗೆಯಲೇ ಇಲ್ಲ. ದನವಾದರೂ ಇನ್ನು ಬರಲಾರದಲ್ಲ ಎಂದು ನಾನು ವಾದ ಹೂಡಿದೆ. ಮನುಷ್ಯರೂ ಬರಲಾರರು ಎಂದಳು.

ಕಾರ್ಖಾನೆ ಕೂಗುವ ಹೊತ್ತು ಹತ್ತಿರವಾಗಿತ್ತು. ಗೋಲಿ ಒಂದೇ ಸಮನೆ ಮೈದಾನದ ಕಡೆ ನೋಡುತ್ತಿದ್ದ. ನಾನು ಅಮ್ಮನ ಕಾಲು ಹಿಡಿಯುವುದೋ ಗೇಟಿನ ಕಾಲು ಹಿಡಿಯುವುದೋ ತಿಳಿಯದೆ ನಿಂತಿರುವಾಗ, ಗೋಲಿಯ ಹಿಂದೆ ಅಪ್ಪ ಕಾಣಿಸಿಕೊಂಡರು. ಹೆಗಲ ಮೇಲೆ ಒದ್ದೆ ಬಲೆ.

ಅಪ್ಪ ಗೇಟು ದೂಡಿದರು. ಹಗ್ಗ ನೋಡಿದರು, ನೆಲದಲ್ಲಿ ನಿಂತ ನೀರು ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ. ಅಮ್ಮನಿಂದ ಕತ್ತಿ ತರಿಸಿ ಬೇಲಿಯ ಮೇಲಿಂದಲೇ ತೆಗೆದುಕೊಂಡು ಒಂದೇ ಏಟಿಗೆ ಹಗ್ಗ ಕಡಿದರು. ಗೇಟು ಧೊಪ್ಪೆಂದು ಕುಸಿದು ಮೊದಲಿನಂತೆ ಮಣ್ಣಿಗೆ ಮೂಗು ಊರಿತು. ಅದನ್ನು ಎತ್ತಿ ಪಕ್ಕಕ್ಕೆ ಸರಿಸಿ ಒಳಗೆ ಬಂದರು. ಬಿಜಾಗರಿಯ ಕಂಬವನ್ನು ಅಂಗೈಯಲ್ಲಿ ಒತ್ತಿದರೆ ಅದು ಸಡಿಲ ಹಲ್ಲಿನಂತೆ ಅಲುಗಾಡಿತು.

"ನೀನು ಹೋಗು ಮಗಾ," ಎಂದರು ಗೋಲಿಗೆ. "ಇವ ಇವತ್ತು ಬರುದಿಲ್ಲ. ಚೆಂಡೂ ಬರುದಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು.

"ಹಾರೆ ತಾ. ಗೇಟು ಜೋಲುದು ಈ ಕಂಬದಿಂದ, ಕಿತ್ತು ಗಟ್ಟಿ ಹುಗಿಯುವಾ."