ಬೋರಣ್ಣನ ಬೆಳ್ಳಿ ಚಮಚ

ಬೋರಣ್ಣ ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದೇ ಇಲ್ಲ. ಹಾಸನದ ನನ್ನ ಹಳೇ ಸಾಮಾನಿನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುವ ಮೊದಲೇ ಹೆಗಲ ಟವೆಲ್ಲು ಕೈಗೆ ಬರುತ್ತಿತ್ತು. ತಕ್ಕಡಿಯ ತಟ್ಟೆ, ಬಾಗಿಲ ಚಿಲಕ, ಕೊನೆಗೆ ನನ್ನ ಕನ್ನಡಕ, ಕಂಡದ್ದನ್ನೆಲ್ಲ ಉಜ್ಜುತ್ತಿದ್ದರು. "ಮಂಕಾಗಿರೋದ್ನ ಕಂಡ್ರೆ ಕೈ ಸುಮ್ಕಿರಾಕಿಲ್ಲ ಸಾ" ಎನ್ನುತ್ತಿದ್ದರು.

ಅರಕಲಗೂಡಿನವರು. ಹಾಸನದ ಹಳೇ ಬಂಗಲೆಯೊಂದರಲ್ಲಿ ಬಹುಕಾಲ ಬಟ್ಲರ್ ಆಗಿದ್ದರು. ಬಂಗಲೆ ಮಾರಿ ಹೊರಡುವಾಗ ಸಾಹೇಬರು ಇವರನ್ನು ಕರೆದು, ಊಟದ ಮೇಜಿನ ಚಮಚ, ಮುಳ್ಳುಚಮಚಗಳ ಪೆಟ್ಟಿಗೆಯನ್ನು ಕೈಗಿಟ್ಟು, "ಇದು ಬೆಳ್ಳಿ, ಬೋರಣ್ಣ, ನಿನ್ನ ನಿಯತ್ತಿಗೆ" ಎಂದಿದ್ದರಂತೆ. ಊರಿನಲ್ಲಿ ಆ ಮಾತೇ ಅವರ ಮರ್ಯಾದೆ. ಅಳಿಯ ಮಾತ್ರ ಅದನ್ನು ತಗಡು ಎಂದು ಆಡಿಕೊಳ್ಳುತ್ತಿದ್ದ. ನನ್ನ ಬಾಯಿಂದ ಬೆಳ್ಳಿ ಅನ್ನಿಸಿಕೊಂಡು ಹೋಗಿ ಅವನ ಬಾಯಿ ಮುಚ್ಚಿಸಬೇಕೆಂದು ಒಂದು ದಿನ ಪೆಟ್ಟಿಗೆ ಹೊತ್ತು ತಂದರು.

ನನ್ನ ಕಸುಬೇ 'ಅಲ್ಲ' ಅನ್ನುವುದು. ಹೊಳೆನರಸೀಪುರದಿಂದ, ಚನ್ನರಾಯಪಟ್ಟಣದಿಂದ ಜನ ಹಳೇ ಚಮಚಗಳನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಾರೆ. ನಾನು ಚಮಚದ ಬೆನ್ನು ಹೊರಳಿಸಿ ಮುದ್ರೆ ನೋಡುತ್ತೇನೆ, ಬೆಳ್ಳಿಯಲ್ಲ ಅನ್ನುತ್ತೇನೆ, ಅವರ ಮುಖ ಸಪ್ಪಗಾಗುತ್ತದೆ. ನಿಜ ಹೇಳಿ ಹೇಳಿ ನನಗೂ ಸಾಕಾಗಿಹೋಗಿದೆ.

ಬೋರಣ್ಣನ ಚಮಚದ ಬೆನ್ನಿನಲ್ಲಿ ಪುಟ್ಟ ಚೌಕಗಳೊಳಗೆ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದವು: ಇ, ಪಿ, ಎನ್, ಎಸ್. ಅಸಲಿ ಇಂಗ್ಲಿಷ್ ಬೆಳ್ಳಿಯ ಮೇಲಿರುವ ನಡೆಯುವ ಸಿಂಹದ ಮುದ್ರೆ ಇರಲಿಲ್ಲ.

"ಸಾಹೇಬ್ರ ತಾತನ ಹೆಸ್ರು ಕಣ್ ಸಾ ಅದು" ಎಂದರು. "ಮದ್ವೆ ಮುಯ್ಯಿ ಚೊಂಬ್ಗೆ ನಾವು ಇನಿಷಿಯಲ್ ಹೊಡ್ಸಾಕಿಲ್ವಾ? ಅಂಗೆ."

ನನಗೆ ನಗು ಬಂತು. ಹೆಸರಲ್ಲ, ನಿಕ್ಕಲ್ ಬೆರೆತ ಲೋಹಕ್ಕೆ ಕರೆಂಟಿನಿಂದ ಬೆಳ್ಳಿ ನೀರು ಹಿಡಿಸಿದ್ದಾರೆ ಅನ್ನುವುದಕ್ಕೆ ಗುರುತು ಎಂದೆ. ಮೇಜಿಗೆ ತಾಗುವ ಉಬ್ಬಿನಲ್ಲಿ ಆ ನೀರು ಹೋಗಿ ಒಳಲೋಹದ ಹಳದಿ ಇಣುಕುತ್ತಿದ್ದುದನ್ನೂ ತೋರಿಸಿದೆ.

"ಆ ನೀರು ಎಲ್ಲೋಯ್ತು ಸಾ?"

"ಉಜ್ಜಿ ಉಜ್ಜಿ ಸವೆದಿದೆ."

ಆ ಹಳದಿಯ ಮೇಲೆ ಹೆಬ್ಬೆರಳು ಆಡಿಸಿದರು. "ಅಂದ್ರೆ ನಾನೇ ತೆಗ್ದ್‌ಬುಟ್ನಾ? ವಾರ ವಾರಾನೂ ಬೂದಿ, ಉಣ್ಸೆಹಣ್ಣು ಆಕಿ ತಿಕ್ತಿದ್ದೋನು ನಾನೇಯ." ಟವೆಲ್ಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ನನಗೆ ನನ್ನ ನಾಲಿಗೆಯ ಮೇಲೇ ಸಿಟ್ಟು ಬಂತು.

ಕೆಲವು ತಿಂಗಳ ಮೇಲೆ ಮತ್ತೆ ಬಂದರು. ಚಮಚಗಳು ಮಸಿಯಂತೆ ಕಪ್ಪಿಟ್ಟಿದ್ದವು. "ಉಜ್ಜೋದು ಬುಟ್ಬುಟ್ಟೆ ಸಾ. ಕೈ ತುರಿಸ್ತದೆ, ತಡ್ಕಂಡಿವ್ನಿ. ಆಳಾಗೋದ್ವಾ ನೋಡಿ."

"ಹಾಳಲ್ಲ ಬೋರಣ್ಣ. ಹೀಗೆ ಕಪ್ಪಾಗುವುದು ಬೆಳ್ಳಿಯೇ. ಕಪ್ಪಿರುವ ಕಡೆಯೆಲ್ಲ ಇನ್ನೂ ತೆಳ್ಳಗೆ ಉಳಿದುಕೊಂಡಿದೆ."

ಮುಖ ಊರಗಲವಾಯಿತು. ನಾನು ಯಾರಿಗಾದರೂ ಒಳ್ಳೆಯ ಸುದ್ದಿ ಹೇಳಿ ಎಷ್ಟು ಕಾಲವಾಗಿತ್ತೋ! "ಅಂಗಾರೆ ಈ ಕಪ್ಪೇ ಸಾಕ್ಷಿ! ಇನ್ನು ಇದ್ನ ಯಾರ್ಗೂ ಮುಟ್ಟಾಕ್ ಬುಡಾಕಿಲ್ಲ" ಎಂದು ಪೆಟ್ಟಿಗೆಯನ್ನು ಎದೆಗವಚಿಕೊಂಡು ಅರಕಲಗೂಡು ಬಸ್ಸಿಗೆ ಹೊರಟರು. ಮತ್ತೆ ಅವರನ್ನು ನೋಡಲಿಲ್ಲ.

ಹೋದ ವಾರ ಅವರ ಮಗಳು ಪುಟ್ಟಲಕ್ಷ್ಮಿ ಆ ಪೆಟ್ಟಿಗೆ ಹಿಡಿದು ಬಂದಳು. ಬೋರಣ್ಣ ತೀರಿಕೊಂಡು, ತಿಥಿಯೂ ಮುಗಿದಿತ್ತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯ ಮುಂದೆ ಇಡುತ್ತಾರಲ್ಲ, ಅಲ್ಲಿ ಈ ಪೆಟ್ಟಿಗೆಯನ್ನೂ ಇಟ್ಟಿದ್ದಳಂತೆ.

"ಇಲ್ಲಿಂದ ಊರಿಗ್ ಬಂದ್ ದಿನ್ವೇ ಲಕ್ವ ವಡೀತು ಸಾ, ಮಾತು ನಿಂತೋಯ್ತು. ಪೆಟ್ಗೆ ನೋಡ್ಕಂಡು ಇಂಗೆ ಇಂಗೆ ಕೈಯಾಡುಸ್ತಿತ್ತು ಅಪ್ಪ." ಅಂಗೈಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸಿ ತೋರಿಸಿದಳು. "ಉಜ್ಜು ಅಂತದೆ ಅಂದ್ಕಂಡೆ. ಎಡೆಗಿಡೋ ಮುಂಚೆ ಕಪ್ಪೆಲ್ಲಾ ಓಗಗಂಟ ಬೂದೀಲಿ ತಿಕ್ದೆ."

ಮುಚ್ಚಳ ತೆಗೆದೆ. ಒಂದು ಚಮಚದಲ್ಲೂ ಕಪ್ಪಿರಲಿಲ್ಲ. ಬೆನ್ನು, ಹಿಡಿ, ಎಲ್ಲ ಕಡೆ ಹಳದಿ ಕಾಣುತ್ತಿತ್ತು.

"ಬೆಳ್ಳಿ ತಾನೇ ಸಾ? ನಮ್ಮನೇರು ಈಗ್ಲೂ ತಗಡು ಅಂತಾರೆ."

"ಬೆಳ್ಳಿ ಕಣಮ್ಮ" ಎಂದೆ. "ನಾನು ಹೇಳಿದೆ ಅಂತ ಹೇಳು."

ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಪ್ಪಂಗೆ ವರ್ಸ ವರ್ಸಾನೂ ಇಂಗೇ ಉಜ್ಜಿಡ್ತೀನಿ ಸಾ."

"ಉಜ್ಜಮ್ಮ" ಎಂದೆ.