ಬಂಡೆಗೆ ಕಿವಿಯಿಟ್ಟ ಬೆಳಿಗ್ಗೆ

ದೆವ್ವ, ಪಿಶಾಚಿ, ಮೈಮೇಲೆ ಬರುವುದು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಂಬಿ ಬೆಳೆದವನು ನಾನು. ಯಾರಾದರೂ ಅಂಥ ಕಥೆ ಶುರು ಮಾಡಿದರೆ ‘ನೀವೇ ಕಣ್ಣಾರೆ ಕಂಡಿರಾ?’ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನ್ನನ್ನು ಅದೇ ಪ್ರಶ್ನೆ ಕೇಳಿದರೆ, ಕಣ್ಣಾರೆ ಕಂಡಿಲ್ಲ, ಆದರೆ ಕಿವಿಯಾರೆ ಕೇಳಿದ್ದೇನೆ ಎನ್ನಬೇಕಾಗುತ್ತದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅದು ಯುದ್ಧದ ಕಾಲ. ರಸ್ತೆಗಳಿಗೆ, ವಿಮಾನ ಇಳಿಯುವ ಬಯಲುಗಳಿಗೆ ಎಷ್ಟು ಜಲ್ಲಿ ಒಡೆದರೂ ಸಾಲುತ್ತಿರಲಿಲ್ಲ. ನಾನು ಕಂಟ್ರಾಕ್ಟರೊಬ್ಬರ ಬಳಿ ಓವರ್‌ಸಿಯರ್ ಆಗಿದ್ದೆ. ಮಾಕಳಿದುರ್ಗದ ತಪ್ಪಲಲ್ಲಿ ಹೊಸ ಕ್ವಾರಿಗೆ ಜಾಗ ಗುರುತಿಸಿ ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹಳ್ಳಿಯವರು ಒಂದು ಷರತ್ತು ಹಾಕಿದ್ದರು. ಮೇಲ್ಮಣ್ಣನ್ನು ಬೇರೆಯಾಗಿ ಗುಡ್ಡೆ ಹಾಕಿಡಬೇಕು; ಕಲ್ಲು ತೆಗೆದಾದ ಮೇಲೆ ಗುಂಡಿ ಮುಚ್ಚಿ, ಅದೇ ಮಣ್ಣು ಹರಡಿ, ಉಳುವಂಥ ನೆಲ ಮಾಡಿ ಹಿಂದಿರುಗಿಸಬೇಕು. ಕಂಟ್ರಾಕ್ಟರಿಗೆ ಇದು ತಲೆನೋವು. ನನಗೆ ಮಾತ್ರ ಇಷ್ಟವಾಗಿತ್ತು. ಅಗೆಯುವುದನ್ನು ಕೆಂಪು ಪೆನ್ಸಿಲಿನಲ್ಲಿ, ತುಂಬುವುದನ್ನು ನೀಲಿಯಲ್ಲಿ ಬರೆಯುತ್ತ ಕೂತರೆ ಸಂಜೆಯಾಗುವುದೇ ತಿಳಿಯುತ್ತಿರಲಿಲ್ಲ. ನನ್ನ ಹೆಂಡತಿ ಜಯಮ್ಮ ಜ್ವರದಲ್ಲಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಮನೆಗೆ ಹೋಗಿ ಮಾಡುವುದಾದರೂ ಏನಿತ್ತು?

ಕಲ್ಲು ತೆಗೆಯಬಹುದಾದ ಜಾಗ ಎರಡೇ. ಒಂದು, ದನ ಮೇಯುವ ಗೋಮಾಳದಲ್ಲಿದ್ದ ದೊಡ್ಡ ಬಂಡೆ. ಇನ್ನೊಂದು, ಅದರ ಪಕ್ಕದಲ್ಲೇ ಇದ್ದ ಮುನಿಯಮ್ಮ ಎಂಬಾಕೆಯ ರಾಗಿ ಹೊಲ. ಅಲ್ಲಿ ಮೊಣಕಾಲುದ್ದ ಅಗೆದರೆ ಅದೇ ಕಲ್ಲು. ಆಕೆಗೆ ಗಂಡನಿಲ್ಲ, ಇದ್ದದ್ದು ಆ ಹೊಲ ಒಂದೇ. ಮಣ್ಣು ಹಿಂದಕ್ಕೆ ಹಾಕಿಕೊಡುತ್ತೇವೆ ಎಂದರೂ ಅಲ್ಲಿಯ ತನಕ ಹೊಟ್ಟೆಗೇನು? ಹಾಗಾಗಿ ಗೋಮಾಳದ ಬಂಡೆಯ ಸುತ್ತಲೇ ಕೆಂಪು ಗೆರೆ ಎಳೆದಿದ್ದೆ.

ಆದರೆ ಕಲ್ಲು ಒಡೆಯುವವರಿಗೆ ನಕ್ಷೆಯೇ ಕೊನೆಯ ಮಾತಲ್ಲ. ಅವರ ಮೇಸ್ತ್ರಿ ತಿಮ್ಮಣ್ಣ, ಅರವತ್ತು ದಾಟಿದ ಮನುಷ್ಯ. ಅವನ ತಂಡದಲ್ಲಿ ಒಂದು ಕ್ರಮವಿತ್ತು. ಮೊದಲ ಉಳಿ ಇಡುವ ಮುನ್ನ ಬಂಡೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಒಳಗೆ ಯಾರಿದ್ದರೂ ಎದ್ದು ಹೋಗಿ ಎಂದು ಮೂರು ಸಲ ಕೂಗುತ್ತಿದ್ದರು. ಆಮೇಲೆ ಗೆರೆ ಎಳೆದವನು ಬಂಡೆಗೆ ಕಿವಿಯಿಟ್ಟು ಕೇಳಬೇಕು. ಒಳಗೆ ಸದ್ದಿದ್ದರೆ ಆ ಕಲ್ಲನ್ನು ಬಿಟ್ಟು ಪಕ್ಕದ ಜಾಗಕ್ಕೆ ಹೋಗುತ್ತಾರೆ; ದೊರೆಯೇ ಬಂದು ಹೇಳಿದರೂ ಮುಟ್ಟುವುದಿಲ್ಲ.

“ಗೆರೆ ಎಳ್ದೋರು ನೀವು. ನೀವೇ ಕೇಳ್ಬೇಕು ಸ್ವಾಮಿ,” ಎಂದ ತಿಮ್ಮಣ್ಣ, ಆ ಬೆಳಿಗ್ಗೆ ಮೂರನೆಯ ಕೂಗು ಮುಗಿಸಿ.

ಮುನಿಯಮ್ಮ ತನ್ನ ಹೊಲದ ಬದುವಿನ ಮೇಲೆ ನಿಂತಿದ್ದಳು. “ಸದ್ದಿದ್ರೆ ನನ್ನ ಹೊಲಕ್ಕೆ ಬಂದ್ಬಿಡ್ತೀರಾ ಸ್ವಾಮಿ?”

“ಕಲ್ಲೊಳಗೆ ಏನಮ್ಮ ಸದ್ದು, ಸುಮ್ನಿರು,” ಎಂದು ನಕ್ಕು, ಟೋಪಿ ತೆಗೆದು, ಮೊಣಕಾಲೂರಿ ಬಂಡೆಗೆ ಕಿವಿಯಿಟ್ಟೆ. ಬೆಳಗಿನ ಒಂಬತ್ತು ಗಂಟೆ, ಒಳ್ಳೆಯ ಬಿಸಿಲು.

ಮೊದಲು ನನ್ನ ಉಸಿರೇ ಕೇಳಿಸಿತು. ಆಮೇಲೆ, ತುಂಬ ಆಳದಲ್ಲಿ, ಬೀಸುಕಲ್ಲು ತಿರುಗುವ ಸದ್ದು. ತಲೆಯೆತ್ತಿ ಸುತ್ತ ನೋಡಿದೆ. ಹತ್ತಿರದಲ್ಲೆಲ್ಲೂ ಮನೆಯಿಲ್ಲ. ಮತ್ತೆ ಕಿವಿಯಿಟ್ಟೆ. ನಾಲ್ಕು ಸುತ್ತು, ಅಂಗೈಯಿಂದ ಗುದ್ದಿದ ಹಾಗೆ ಎರಡು ಸದ್ದು, ಮತ್ತೆ ನಾಲ್ಕು ಸುತ್ತು.

ಆ ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯ ಬೀಸುಕಲ್ಲಿನ ಗೂಟ ಸಡಿಲ. ನಾಲ್ಕು ಸುತ್ತು ಬೀಸುವಷ್ಟರಲ್ಲಿ ಅದು ಮೇಲೆದ್ದು ಬರುತ್ತಿತ್ತು. ಜಯಮ್ಮ ಎರಡು ಗುದ್ದು ಗುದ್ದಿ ಕೂರಿಸಿ ಮತ್ತೆ ಬೀಸುತ್ತಿದ್ದಳು. “ಊರಿಗೆಲ್ಲ ಕಲ್ಲು ಒಡಿಸ್ತೀರಿ, ಈ ಗೂಟಕ್ಕೊಂದು ಮರದ ಚಕ್ಕೆ ಹೊಡ್ಕೊಡೋಕಾಗಲ್ವಾ?” ಎಂದು ನಗುತ್ತಿದ್ದಳು. ನಾಳೆ ನಾಳೆ ಎಂದು ಏಳು ವರ್ಷ ಕಳೆದೆ. ಅವಳು ಹೋದ ಮೇಲೆ ಆ ಕಲ್ಲನ್ನು ಯಾರೂ ಮುಟ್ಟಿರಲಿಲ್ಲ.

ಅಲ್ಲೇ ಮಲಗಿಬಿಡಬೇಕು, ದಿನವೆಲ್ಲ ಕೇಳುತ್ತಿರಬೇಕು ಅನ್ನಿಸಿತು. ಇಷ್ಟು ತಿಂಗಳು ಮನೆಯ ಮೂಲೆಮೂಲೆಯಲ್ಲಿ ನಾನು ಕಾದದ್ದು ಇದಕ್ಕೇ. ಹೌದು ಎಂದೊಂದು ಮಾತು ಹೇಳಿದರೆ ಬಂಡೆ ಉಳಿಯುತ್ತಿತ್ತು. ಬೇಕೆಂದಾಗ ಬಂದು ಕೂರಬಹುದಿತ್ತು.

“ಏನಾದ್ರೂ ಕೇಳ್ತದಾ ಸ್ವಾಮಿ?” ಎಂದ ತಿಮ್ಮಣ್ಣ.

ಕಣ್ಣು ತೆರೆದರೆ ಎದುರಿಗೆ ಮುನಿಯಮ್ಮ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅವಳ ಹಿಂದೆ ಹಸಿರು ರಾಗಿ ಪೈರು.

“ಏನೂ ಇಲ್ಲ,” ಎಂದೆ. ಕಿವಿ ಇನ್ನೂ ಕಲ್ಲಿನ ಮೇಲೇ ಇತ್ತು. ಅರ್ಧ ಸುತ್ತಿನಲ್ಲಿ ಬೀಸುಕಲ್ಲು ನಿಂತುಹೋಯಿತು.

ತಿಮ್ಮಣ್ಣ ನನ್ನ ಮುಖವನ್ನೇ ನೋಡಿದ. ಕ್ರಮದಲ್ಲಿ ಇಲ್ಲದಿದ್ದರೂ ತಾನೂ ಬಗ್ಗಿ ಕಿವಿಯಿಟ್ಟ. ಬಹಳ ಹೊತ್ತು ಹಾಗೇ ಇದ್ದು, ಎದ್ದು, ಸುತ್ತಿಗೆ ತರಿಸಿದ.

ಬಿರುಕಿನಲ್ಲಿ ನೀರು ಹರಿದಿರಬೇಕು, ಹೆಂಡತಿಯನ್ನು ಕಳೆದುಕೊಂಡವನ ತಲೆ ಏನನ್ನು ಬೇಕಾದರೂ ಕೇಳಿಸುತ್ತದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದನ್ನೇ ನಂಬಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಕ್ವಾರಿ ಮುಗಿಯಿತು. ಷರತ್ತಿನಂತೆ ಗುಂಡಿ ತುಂಬಿಸಿ ಮಣ್ಣು ಹರಡಿಸಿದೆ. ಬೇರೆ ಊರಿಗೆ ಹೊರಟಿದ್ದ ತಿಮ್ಮಣ್ಣ ಹೇಳಿ ಹೋಗಲು ಬಂದ. ಹೊಸ ನೆಲದ ಮೇಲೆ ಇಬ್ಬರೇ ನಿಂತಿದ್ದೆವು. ಜಯಮ್ಮನ ವಿಷಯವನ್ನು ನಾನು ಅಲ್ಲಿ ಯಾರ ಬಳಿಯೂ ಎತ್ತಿದವನಲ್ಲ.

“ಸ್ವಾಮಿ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅವತ್ತು ಬಂಡೇಲಿದ್ದ ಹೆಣ್ಮಗಳು ಯಾರು?”

ನಾನು ಅವನತ್ತ ತಿರುಗಿದೆ.

“ನಾನು ಕಿವಿ ಇಟ್ಟಾಗ ಹಿಟ್ಟು ಬಾಚ್ಕೊಳ್ತಾ ಇದ್ಲು. ಬಳೆ ಸದ್ದು ಕೇಳಿಸ್ತು. ನೀವು ಇಲ್ಲ ಅಂದ್ರಲ್ಲ, ಅದಕ್ಕೆ ಎದ್ಲು ಅಂದ್ಕೊಂಡೆ. ಯಾರಾದ್ರೂ ಕರೀತಾರೇನೋ ಅಂತ ಒಂದ್ ಗಳಿಗೆ ನಿಂತಂಗಿತ್ತು ಸ್ವಾಮಿ. ಆಮೇಲೆ ಹೋದ್ಲು. ಅವಳು ಹೋದ್ಮೇಲೇ ನಾನು ಸುತ್ತಿಗೆ ತರಿಸಿದ್ದು.”

ಅದೇನು, ಹೇಗೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಯಾರೂ ಬಿಡಿಸಿ ಹೇಳಲೂ ಇಲ್ಲ. ಆ ಒಂದು ಗಳಿಗೆ ನಾನು ಅಲ್ಲೇ, ಮಾರು ದೂರದಲ್ಲಿ, ಟೋಪಿಯ ಧೂಳು ಕೊಡವುತ್ತ ನಿಂತಿದ್ದೆ. ಕರೆಯಲಿಲ್ಲ.