ಖಾಲಾ ಮುಚ್ಚಿಟ್ಟ ಚಹಾ

ಮಕ್ಕಳೇ, ಹೈದರಾಬಾದಿನಲ್ಲಿ ಹಳೆಯ ಕಟ್ಟಡ, ಬಾವಿ, ಚಿತ್ರಗಳನ್ನು ಉಳಿಸುವ ಸಂಸ್ಥೆಗಳನ್ನು ನಾನು ಬಹಳ ವರ್ಷ ನಡೆಸಿದೆ. ಹಳ್ಳಿ ಶಾಲೆಯಲ್ಲಿ ಓದಿದವಳು; ಹೊಸಬರೆದುರು ಬಾಯಿ ಬಿಡಲು ಇಂದಿಗೂ ಸಂಕೋಚ.

ಮೊದಲ ಸಂಸ್ಥೆಯ ಹೊಣೆ ಹೊತ್ತ ಹೊಸದರಲ್ಲಿ, ಹಳೇ ಶಹರದ ಒಂದು ಮನೆಯಂಗಳದ ಮೆಟ್ಟಿಲ ಬಾವಿಯನ್ನು ಉಳಿಸಬೇಕಾಗಿತ್ತು. ಮನೆಯ ಮಗ ಅದನ್ನು ಮುಚ್ಚಿ ಅಂಗಡಿ ಕಟ್ಟಿಸಲು ಹೊರಟಿದ್ದ. ಮನೆ ಅವನ ತಾಯಿಯದು. ಅವರು ಒಪ್ಪಿದರೆ ಮಾತ್ರ ನಾವು ಹೂಳು ತೆಗೆಯಬಹುದಿತ್ತು. ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ.

ಮೊದಲ ದಿನ ಬಾವಿಯ ಮಾತನ್ನು ಅರ್ಧ ಹೇಳಿ ತಡವರಿಸಿದೆ. ಖಾಲಾ ಚಹಾ ಮಾಡಲು ಒಳಗೆ ಹೋದರು. ಸುಮ್ಮನೆ ಕೂತಿರಲು ನಾಚಿಕೆಯಾಗಿ, “ಆತೂಂ ಖಾಲಾ” ಎಂದು ಕೂಗಿ ಮನೆಗೆ ಬಂದುಬಿಟ್ಟೆ.

ವಾರ ಬಿಟ್ಟು ಹೋದಾಗ ಅವರು ಮುಖ ತಿರುಗಿಸಿ ಕೂತಿದ್ದರು.

“ಆತೂಂ ಬೋಲ್ಕೇ ಗಯೀ, ಆಯೀಚ್ ನೈ.” ಬರ್ತೀನಿ ಎಂದು ಹೋದವಳು ಬರಲೇ ಇಲ್ಲ, ಸಂಜೆಯ ನಮಾಜಿನ ತನಕ ನಿನ್ನ ಚಹಾ ಮುಚ್ಚಿಟ್ಟು ಕಾದೆ ಎಂದರು.

ಆಗ ತಿಳಿಯಿತು. ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಎನ್ನಬಾರದು, ‘ಬರ್ತೀನಿ’ ಎಂದೇ ಏಳಬೇಕು. ಅದನ್ನೇ ನಾನು ಅವರ ಉರ್ದುವಿಗೆ ತಿರುಗಿಸಿದ್ದೆ. ಅವರಿಗೆ ಅದು ‘ಈಗ ಬಂದೆ’ ಎಂದು ಕೇಳಿಸಿತ್ತು. ಹೇಗೋ ಬಿಡಿಸಿ ಹೇಳಿದೆ. ಖಾಲಾ ದುಪಟ್ಟಾ ಬಾಯಿಗಿಟ್ಟುಕೊಂಡು ನಕ್ಕರು, ಮಗನನ್ನು ಕರೆದರು.

“ಸುನ್ ರೇ, ಇನಕೇ ಗಾಂವ್ ಮೇಂ ಜಾತೂಂ ನೈ ಬೋಲ್ತೇ ಕತೇ.” ಇವರ ಊರಲ್ಲಿ ‘ಹೋಗ್ತೀನಿ’ ಅನ್ನೋದಿಲ್ಲವಂತೆ.

ಮಗನಿಗೆ ನಗು ಬರಲಿಲ್ಲ. ಹಿಂದೆ ಬಾವಿ ನೋಡಲು ಬಂದವರಂತೆ ಇವರೂ ಅಳತೆ ತೆಗೆದುಕೊಂಡು ಹೋಗುವವರೇ ಎಂದ. ಅಳತೆ ತೆಗೆದವರೆಲ್ಲ ಹೋದರು, ತಿರುಗಿ ಬಂದವಳು ಇವಳೊಬ್ಬಳೇ, ಬಾವಿಗೆ ಕೈ ಹಚ್ಚಬೇಡ ಎಂದರು ಖಾಲಾ. ಕೆಲಸ ಮುಗಿಯುವ ತನಕ ನಾನು ದಿನಾ ಬಂದು ಚಹಾ ಕುಡಿಯಬೇಕು ಎಂಬ ಷರತ್ತೂ ಹಾಕಿದರು.

“ನಿನ್ನ ಉರ್ದು ಹಿಂಗ ಇರ್ಲಿ ಬಿಡು, ಸುಧಾರಿಸಬ್ಯಾಡ,” ಎಂದರು ನಿಮ್ಮ ಅಜ್ಜ ಆ ರಾತ್ರಿ ಊಟಕ್ಕೆ ಕೂತು. “ಇನ್ನೂ ಭಾಳ ಬಾವಿ ಅದಾವ ಊರಾಗ.”

ಹೂಳು ತೆಗೆಯುವಾಗ ಖಾಲಾ ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂರುತ್ತಿದ್ದರು. ತಾವು ಮದುಮಗಳಾಗಿ ಬಂದಾಗ ಇಲ್ಲಿಯ ತನಕ ನೀರಿತ್ತು ಎಂದು ಒಂದು ಮೆಟ್ಟಿಲು ತೋರಿಸುತ್ತಿದ್ದರು. ಮರುದಿನ ಇನ್ನೊಂದು ಮೆಟ್ಟಿಲು ಹೊರಬರುತ್ತಿತ್ತು. ಅಲ್ಲ, ಇದೇ, ಇದರ ತನಕವೇ ಎನ್ನುತ್ತಿದ್ದರು.